ಕ್ಯಾಮೆರಾದ ಬೆನ್ನ ಹಿಂದಿನ ಬೆಳಕು

ಕೊಳ್ಳುವ ಮೊದಲೇ ಕುರ್ಚಿಯನ್ನು ಮನೆಯೊಳಗೆ ಇಟ್ಟು ತೋರಿಸುವ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಆ್ಯಪ್‌ಗಳು ಈಗ ಹೊಸತಲ್ಲ. ಫೋನನ್ನು ನಡುಮನೆಯತ್ತ ಹಿಡಿದರೆ ಪರದೆಯಲ್ಲಿ ಕುರ್ಚಿ ಪ್ರತ್ಯಕ್ಷ. ಅಳತೆ ಸರಿಯಿದೆ, ಬಣ್ಣವೂ ಸರಿ. ಆದರೂ ಅಂಟಿಸಿದ ಚಿತ್ರದಂತೆ ಕಾಣುತ್ತದೆ. ಕಿಟಕಿ ಎಡಕ್ಕಿದ್ದರೆ ಹೊಳಪು ಬಲಕ್ಕಿರುತ್ತದೆ, ಕಾಲುಗಳ ಬುಡದಲ್ಲಿ ನೆರಳೇ ಇರುವುದಿಲ್ಲ.

ಕುರ್ಚಿಯ ಮೇಲೆ ಬೆಳಕು ಬೀಳುವುದು ಕೋಣೆಯ ಎಲ್ಲ ದಿಕ್ಕಿನಿಂದ. ಕ್ಯಾಮೆರಾಕ್ಕೆ ಕಾಣುವುದು ಅದರಲ್ಲೊಂದು ತುಣುಕು ಮಾತ್ರ. ಫೋನ್ ಹಿಡಿದವರ ಬೆನ್ನ ಹಿಂದಿನ ಕಿಟಕಿ, ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೊಂದು ಸೊಗಸಾದ ದಾರಿಯನ್ನು ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ 1998ರಲ್ಲೇ ತೋರಿಸಿದ್ದರು. ವಸ್ತು ಇರಬೇಕಾದ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಗೋಲವಿಟ್ಟು ಫೋಟೊ ತೆಗೆಯುವುದು. ಸುತ್ತಲಿನ ಬೆಳಕೆಲ್ಲ ಅದರೊಳಗೆ ಬಂದು ಕೂರುತ್ತದೆ. ಬಿಸಿಲೂ ಮೇಜಿನಡಿಯ ಕತ್ತಲೂ ಒಂದೇ ಫೋಟೊಗೆ ದಕ್ಕುವುದಿಲ್ಲವಾದ್ದರಿಂದ ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ಹಲವು ಫೋಟೊ ತೆಗೆದು ಒಂದಾಗಿಸಬೇಕು. ಸಿನಿಮಾದವರಿಗೆ ಇದು ಒಗ್ಗಿತು. ಕುರ್ಚಿ ಕೊಳ್ಳಲು ಹೊರಟವರು ಗೋಲ ಹೊತ್ತು ತಿರುಗುವುದುಂಟೇ?

ಹಾಗಾಗಿ ಬೆಳಕನ್ನು ಫೋನೇ ಊಹಿಸಬೇಕು. ಇಂಥ ಆ್ಯಪ್ ಕಟ್ಟಲು 2017ರಲ್ಲಿ ಬಂದ ಆ್ಯಪಲ್‌ನ ಎಆರ್‌ಕಿಟ್ ತಂತ್ರಾಂಶ ಮೊದಮೊದಲು ಕೋಣೆಯ ಒಟ್ಟು ಪ್ರಖರತೆಯನ್ನೂ ಬೆಳಕಿನ ಬಣ್ಣವನ್ನೂ ಅಂದಾಜಿಸಿ ಸುಮ್ಮನಾಗುತ್ತಿತ್ತು; ದಿಕ್ಕಿನ ಸುದ್ದಿಯಿಲ್ಲ. 2019ರ ಹೊತ್ತಿಗೆ ಅಂಥದೇ ತಂತ್ರಾಂಶವಾದ ಗೂಗಲ್‌ನ ಎಆರ್‌ಕೋರ್ ದಿಕ್ಕನ್ನೂ ಊಹಿಸತೊಡಗಿತು. ಅದಕ್ಕೆ ಗೂಗಲ್‌ನ ಸಂಶೋಧಕರು ಹಿಡಿದ ದಾರಿ ಜಾಣತನದ್ದು. ಫೋನಿನ ಮುಂದೆ ಮೂರು ಗೋಲಗಳನ್ನು ಕಟ್ಟಿ (ಒಂದು ಕನ್ನಡಿಯಂಥದು, ಒಂದು ಮಾಸಲು ಬೆಳ್ಳಿಯದು, ಇನ್ನೊಂದು ಬೂದುಬಣ್ಣದ್ದು) ಒಳಗೂ ಹೊರಗೂ ವಿಡಿಯೊ ತೆಗೆದರು. ಗೋಲಗಳು ಚೌಕಟ್ಟಿನ ಕೆಳಭಾಗದಲ್ಲಿ. ಮೇಲಿನ ದೃಶ್ಯವನ್ನಷ್ಟೇ ನೋಡಿ ನ್ಯೂರಲ್ ನೆಟ್‌ವರ್ಕ್ ಬೆಳಕನ್ನು ಊಹಿಸಬೇಕು. ಆ ಊಹೆಯ ಬೆಳಕಲ್ಲಿ ಗೋಲಗಳು ಹೇಗೆ ಕಾಣುತ್ತವೆಂದು ಲೆಕ್ಕಹಾಕಿ ನಿಜವಾದ ಗೋಲಗಳಿಗೆ ತಾಳೆ ನೋಡಬೇಕು. ಹೀಗೆ ಪಳಗಿದ ಮೇಲೆ ಗೋಲಗಳ ಹಂಗಿಲ್ಲ. ಸೆಲ್ಫಿಯಲ್ಲಂತೂ ಕೆಲಸ ಇನ್ನೂ ಸಲೀಸು: ಮುಖದ ಉಬ್ಬುತಗ್ಗು ಗೊತ್ತಿರುವುದರಿಂದ ಮುಖವೇ ಗೋಲ!

ಪರದೆ ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದೊಂದಕ್ಕೂ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರಲ್ಲಿ ಎಲ್ಲ ದಿಕ್ಕಿನ ಬೆಳಕನ್ನು ಕೂಡಿಸುವುದು ಹೇಗೆ? 2001ರಲ್ಲಿ ಸ್ಟ್ಯಾನ್‌ಫರ್ಡ್‌ನ ರವಿ ರಾಮಮೂರ್ತಿ ಮತ್ತು ಪ್ಯಾಟ್ ಹ್ಯಾನ್ರಹಾನ್ ಇದಕ್ಕೆ ಉತ್ತರ ಕೊಟ್ಟಿದ್ದರು. ಹೊಳಪಿಲ್ಲದ ಮೈ ಹೇಗೂ ಅರ್ಧ ಜಗತ್ತಿನ ಬೆಳಕನ್ನು ಬೆರೆಸಿಕೊಳ್ಳುತ್ತದೆ, ಸಣ್ಣ ವಿವರಗಳು ಅದರಲ್ಲೇ ಕರಗಿಹೋಗುತ್ತವೆ. ಹಾಗಾಗಿ ಸುತ್ತಲಿನ ಬೆಳಕನ್ನು ಹಿಡಿದಿಡಲು ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ ಒಂಬತ್ತರಂತೆ 27 ಸಂಖ್ಯೆ ಸಾಕು.

ಹೊಳೆಯುವ ಸ್ಟೀಲ್ ಲೋಟಕ್ಕೆ ಇದು ಸಾಲದು. ಅದರಲ್ಲಿ ಕೋಣೆಯೇ ಕಾಣಬೇಕು; ಕ್ಯಾಮೆರಾ ನೋಡದ ಭಾಗವನ್ನು ತಂತ್ರಾಂಶ ಕಲ್ಪಿಸಿ ತುಂಬುತ್ತದೆ. ಆಶ್ಚರ್ಯವೆಂದರೆ ಈ ಪ್ರತಿಬಿಂಬದ ಸುಳ್ಳು ನಮ್ಮ ಕಣ್ಣಿಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ನೆರಳಿನ ಮಾತು ಬೇರೆ. ಒಂದೇ ಹಾದಿಯಲ್ಲಿ ಚಲಿಸುವ ಚೆಂಡಿನ ನೆರಳನ್ನಷ್ಟೇ ಬದಲಿಸಿದರೆ, ಅದೇ ಚೆಂಡು ಒಮ್ಮೆ ನೆಲದ ಮೇಲೆ ಜಾರಿದಂತೆ, ಒಮ್ಮೆ ಗಾಳಿಗೆ ಏರಿದಂತೆ ಕಾಣುವುದನ್ನು ದೃಷ್ಟಿಯ ಸಂಶೋಧಕ ಡೇನಿಯಲ್ ಕೆರ್ಸ್ಟನ್ ಮತ್ತು ಸಂಗಡಿಗರು 1990ರ ದಶಕದಲ್ಲೇ ತೋರಿಸಿದ್ದಾರೆ. ಫೋನಿನ ಶಕ್ತಿ ಒಂದಕ್ಕೇ ಸಾಲುವುದಾದರೆ ಅದನ್ನು ನೆರಳಿಗೇ ಕೊಡಬೇಕೆಂಬುದು ನನ್ನ ಪಕ್ಷ.

ಈ ಮಟ್ಟಿಗೆ ಫೋನ್ ಅದೃಷ್ಟವಂತ. ನೆಲದ ಚಿತ್ರ ಪರದೆಯಲ್ಲೇ ಇರುವುದರಿಂದ ಅದನ್ನು ಕಪ್ಪಾಗಿಸಬಹುದು. ಗಾಜಿನ ಮೂಲಕ ಹೊರಗನ್ನು ನೇರವಾಗಿ ತೋರಿಸುವ ಎಆರ್ ಕನ್ನಡಕಗಳು ಸಾಮಾನ್ಯವಾಗಿ ಬೆಳಕನ್ನು ಸೇರಿಸಬಲ್ಲವೇ ಹೊರತು ಕಳೆಯಲಾರವು. ಅಲ್ಲಿ ಕಪ್ಪು ಬಣ್ಣವೆಂದರೆ ಪಾರದರ್ಶಕ. ನೆರಳು ಬೀಳಿಸಲು ಎಂಜಿನಿಯರುಗಳು ಇನ್ನೂ ತಿಣುಕಾಡುತ್ತಿದ್ದಾರೆ.