ಸೊಳ್ಳೆಗೂ ಉಂಟು ನುಸಿಕಾಟ

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೆಂಗಿಗೂ ಹಬ್ಬಿದ ನುಸಿಯನ್ನು ಅಮೃತೂರಿನ ರೈತರು ಮರೆಯುವಂತಿಲ್ಲ. ಅದರ ದೂರದ ನೆಂಟ ನೀರುನುಸಿ ಮಾತ್ರ ನಮಗೆ ಉಪಕಾರಿ. ಕೆರೆ, ಗದ್ದೆಗಳ ನಿಂತ ನೀರಿನಲ್ಲಿ ಇದರ ವಾಸ.

ಕೋಶ ಒಡೆದು ಸೊಳ್ಳೆ ಹೊರಬರುವ ಗಳಿಗೆಯನ್ನೇ ಕಾದಿದ್ದು, ಆರು ಕಾಲಿನ ನುಸಿಮರಿ ಅದರ ಮೈಗೆ ಕಚ್ಚಿಕೊಳ್ಳುತ್ತದೆ. ಮೈರಸ ಹೀರಿ ಕೆಂಪು ಮಣಿಯಂತೆ ಉಬ್ಬುತ್ತದೆ. ಮೊಟ್ಟೆಯಿಡಲು ಸೊಳ್ಳೆ ನೀರಿಗೆ ಮರಳಿದಾಗ ಕಳಚಿ ಬೀಳುತ್ತದೆ. ಹೆಚ್ಚು ನುಸಿ ಹತ್ತಿದ ಸೊಳ್ಳೆ ಬೇಗ ಸಾಯುತ್ತದೆ, ಇಲ್ಲವೇ ಮೊಟ್ಟೆ ಕಡಿಮೆ ಇಡುತ್ತದೆ. ರಕ್ತ ಹೀರುವವರನ್ನು ಹೀರುವವರೂ ಇದ್ದಾರಲ್ಲ!

ಗದ್ದೆಯ ಸೊಳ್ಳೆಯೆಂದು ಉದಾಸೀನ ಸಲ್ಲದು. ಮಂಡ್ಯ, ಕೋಲಾರ ಜಿಲ್ಲೆಗಳ ಮಕ್ಕಳನ್ನು ಕಾಡಿದ ಮೆದುಳು ಜ್ವರವನ್ನು ಹಂದಿ, ಬೆಳ್ಳಕ್ಕಿಗಳಿಂದ ಮನುಷ್ಯರಿಗೆ ತರುವುದು ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ.

ನುಸಿಯೊಂದನ್ನೇ ನಂಬಿ ಕೂರಲಾಗದು. ಅಂಗಡಿಯಲ್ಲಿ ಸಿಗುವ ವಸ್ತುವೂ ಅದಲ್ಲ. ಆದರೆ ಪೈರಿನಲ್ಲಿ ಹುಳು ಕಾಣುವ ಮೊದಲೇ ಔಷಧಿ ಹೊಡೆದರೆ ಇಂಥ ಉಪಕಾರಿ ಜೀವಿಗಳೇ ಸಾಯುತ್ತವೆ. ಮಾರ್ಕೋನಹಳ್ಳಿ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವವರು ಪೈರು ಬೇರೂರಿದ ಮೇಲೆ ಸದಾ ನೀರು ನಿಲ್ಲಿಸದೆ, ಇಂಗಿದ ನಂತರವೇ ಮತ್ತೆ ಹಾಯಿಸಬೇಕು. ಮೊಟ್ಟೆಯೊಡೆದು ಸೊಳ್ಳೆಯಾಗಲು ವಾರ, ಹತ್ತು ದಿನ ನೀರು ಬೇಕು. ನಡುವೆ ಗದ್ದೆ ಆರಿದರೆ ಮರಿಗಳು ಉಳಿಯವು. ತೆನೆ ಹೊರಡುವ ಕಾಲದಲ್ಲಿ ಮಾತ್ರ ನೀರಿಗೆ ಕೊರತೆ ಮಾಡಬೇಡಿ.