ಒಂದು ಸಾಲಿನ ತಿದ್ದುಪಡಿ, ಬೆಂಗೇರಿಯ ಬಾವುಟ

ಸರ್ಕಾರದ ನಿಯಮ ಅಂದ್ರೆ ಉದ್ಯಮದ ಕಾಲಿಗೆ ಕಟ್ಟಿದ ಹಗ್ಗ ಅಂತ ದಿನಾ ಕೇಳ್ತೀವಿ. ಹಾಗಾದ್ರೆ ಒಮ್ಮೆ ಹುಬ್ಬಳ್ಳಿಯ ಬೆಂಗೇರಿ ಕಡೆ ನೋಡಿ. ಅಲ್ಲಿ ಒಂದು ಉದ್ಯಮ ಬೆಳೆದಿದ್ದೇ ನಿಯಮದ ಆಸರೆಯಲ್ಲಿ.

ರಾಷ್ಟ್ರಧ್ವಜ ಕೈಯಿಂದ ನೂತು, ಕೈಯಿಂದಲೇ ನೇಯ್ದ ಖಾದಿಯದ್ದಾಗಿರಬೇಕು ಎಂದು ಧ್ವಜ ಸಂಹಿತೆ ಹೇಳುತ್ತಿತ್ತು. ಬಟ್ಟೆ ಎಷ್ಟು ಗಟ್ಟಿ ಇರಬೇಕು, ಬಣ್ಣ ಎಷ್ಟು ನಿಲ್ಲಬೇಕು, ಅಳತೆ ಎಷ್ಟು, ಎಲ್ಲಕ್ಕೂ ಬಿಐಎಸ್ ಮಾನದಂಡ ಇದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಆ ಪರೀಕ್ಷೆಯಲ್ಲಿ ಗೆದ್ದು, 2006ರಲ್ಲಿ ಬಿಐಎಸ್ ಮಾನ್ಯತೆ ಪಡೆಯಿತು. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯದ್ದು. ಬಣ್ಣ, ಅಚ್ಚು, ಹೊಲಿಗೆ ಬೆಂಗೇರಿಯದ್ದು. ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು.

2021ರ ಡಿಸೆಂಬರ್ 30ರಂದು ಸಂಹಿತೆಗೆ ತಿದ್ದುಪಡಿ ಬಂತು. ಪಾಲಿಯೆಸ್ಟರ್ ನಡೆಯುತ್ತದೆ, ಯಂತ್ರದಲ್ಲಿ ಮಾಡಿದ್ದೂ ನಡೆಯುತ್ತದೆ. ಎಂಟು ತಿಂಗಳೊಳಗೆ 'ಹರ್ ಘರ್ ತಿರಂಗಾ' ಬಂತು. ಗುರಿ 20 ಕೋಟಿ ಮನೆ! ಸೂರತ್‌ನ ಗಿರಣಿಗಳಿಗೆ ಹಗಲೂ ರಾತ್ರಿ ಕೆಲಸ. ದೇಶವೆಲ್ಲ ಬಾವುಟ ಕೊಳ್ಳುವ ಹೊತ್ತಿಗೆ, ಬಾವುಟದ ಊರಿನಲ್ಲೇ ಬೇಡಿಕೆ ಕುಸಿಯಿತು ಎಂಬ ಅಳಲು.

ಇನ್ನೊಂದು ಮಗ್ಗುಲೂ ಇದೆ, ಮುಚ್ಚಿಡೋದು ಬೇಡ. ಕೈಮಗ್ಗದ ಖಾದಿಗೆ ಬೆಲೆ ಜಾಸ್ತಿ. ಕೂಲಿ ಮಾಡುವವರ ಮನೆಗೆ ಅದು ದುಬಾರಿಯೇ. 20 ಕೋಟಿ ಧ್ವಜ ನೂತು ನೇಯಲು ಎಷ್ಟು ವರ್ಷ ಬೇಕಾದೀತು? ನಿಯಮ ಸಡಿಲವಾಗಿದ್ದಕ್ಕೇ ಬಾವುಟ ಅಗ್ಗವಾಯ್ತು, ಮಾರುಕಟ್ಟೆ ಬೆಳೆಯಿತು. ಇದೂ ನಿಜ.

ಆದರೆ ಬೆಳವಣಿಗೆಯ ಲೆಕ್ಕದಲ್ಲಿ ಸೂರತ್‌ನ ರೂಪಾಯಿಯೂ ಒಂದೇ, ಬೆಂಗೇರಿಯ ರೂಪಾಯಿಯೂ ಒಂದೇ. ಗಿರಣಿಯಲ್ಲಿ ಒಂದು ಯಂತ್ರ ಮಾಡುವ ಕೆಲಸಕ್ಕೆ ಇಲ್ಲಿ ಎಷ್ಟು ಕೈ ಬೇಕು, ಆ ದುಡ್ಡು ಎಷ್ಟು ಮನೆಯ ಒಲೆ ಹಚ್ಚುತ್ತದೆ ಅನ್ನೋದು ಆ ಲೆಕ್ಕದಲ್ಲಿ ಕಾಣೋದಿಲ್ಲ.

ಹಳೇ ನಿಯಮ ಹಾಗೇ ಇರಲಿ ಅಂತ ನಾನು ಹೇಳ್ತಿಲ್ಲ. ಮನೆ ಮೇಲೆ ಹಾರಿಸೋಕೆ ಯಾವ ಬಟ್ಟೆಯಾದ್ರೂ ಇರಲಿ. ಸರ್ಕಾರಿ ಕಚೇರಿ, ಶಾಲೆ, ಕೋರ್ಟುಗಳ ಮೇಲೆ ಮಾನ್ಯತೆ ಪಡೆದ ಖಾದಿ ಧ್ವಜವೇ ಹಾರಲಿ. ಖಜಾನೆಗೆ ಅದೇನು ದೊಡ್ಡ ಹೊರೆಯಲ್ಲ. ಬೆಂಗೇರಿಗೆ ಅದು ವರ್ಷದ ಕೂಲಿ.

ನಿಯಮ ಮಾಡೋದು ಸರ್ಕಾರದ ಹಕ್ಕು, ಬದಲಿಸೋದೂ ಅದರ ಹಕ್ಕೇ. ಆದರೆ ಸರ್ಕಾರದ ಮಾತು ನಂಬಿ ಮಗ್ಗ ಹೂಡಿದವರಿಗೆ, ಮಾತು ಬದಲಿಸುವ ಮುಂಚೆ ಒಂದಿಷ್ಟು ಸಮಯ ಕೊಡೋದು ಬೇಡವೇ?