ಹಾರ್ಡ್ ಡಿಸ್ಕಿನ ತಪಾಸಣೆ

ಮನೆಯ ಗಣಕಯಂತ್ರದಲ್ಲಿ ನಾವು ಪ್ರಬಂಧಗಳನ್ನು ಬರೆಯುತ್ತೇವೆ. ಪ್ರವಾಸದ ಚಿತ್ರಗಳನ್ನು ಕೂಡಿಡುತ್ತೇವೆ. ಯಂತ್ರವನ್ನು ನಿಲ್ಲಿಸಿ ಮರುದಿನ ಮತ್ತೆ ನಡೆಸಿದರೂ ಅವು ಹಾಗೆಯೇ ಇರುತ್ತವೆ. ಅವುಗಳನ್ನು ಕಾಪಾಡುವ ಅಂಗವೇ ಹಾರ್ಡ್ ಡಿಸ್ಕ್. ಅದು ಸದಾ ಪೆಟ್ಟಿಗೆಯೊಳಗೆ ಅಡಗಿರುವುದರಿಂದ ಅದಕ್ಕೂ ರೋಗ ಬರಬಹುದೆಂಬುದು ನಮಗೆ ತೋಚುವುದೇ ಇಲ್ಲ. ಅದನ್ನು ತಪಾಸಣೆ ಮಾಡುವುದು ಹೇಗೆ, ಆ ತಪಾಸಣೆಯಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಇಲ್ಲಿ ವಿಚಾರಿಸೋಣ.

ಹಾರ್ಡ್ ಡಿಸ್ಕಿನೊಳಗೆ ಅಲ್ಯೂಮಿನಿಯಮಿನ ಇಲ್ಲವೆ ಗಾಜಿನ ನುಣುಪಾದ ತಟ್ಟೆಗಳಿರುತ್ತವೆ. ಅವುಗಳ ಮೈಗೆ ಕಾಂತಗುಣವುಳ್ಳ ಅತಿ ತೆಳುವಾದ ಲೇಪನವುಂಟು. ಮನೆಯ ಯಂತ್ರಗಳಲ್ಲಿ ಈ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತವೆ. ಓದುವ, ಬರೆಯುವ ಕೆಲಸದ ಪುಟ್ಟ ಹೆಡ್ ತಟ್ಟೆಯನ್ನು ಮುಟ್ಟದೆ ಅದರ ಮೇಲೆ ತೇಲುತ್ತಿರುತ್ತದೆ. ಇವೆರಡರ ನಡುವಣ ಅಂತರವು ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ! ಆ ಇಕ್ಕಟ್ಟಿನಲ್ಲಿ ಒಂದು ಧೂಳಿನ ಕಣವೂ ಬೆಟ್ಟದಷ್ಟು ದೊಡ್ಡದು. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕಿನಲ್ಲಿ ಅದರ ಲಕ್ಷಪಾಲು ಬರಹ ಅಡಕವಾಗುತ್ತದೆ.

ಡಿಸ್ಕಿಗೆ ಬರುವ ದೋಷಗಳು ಎರಡು ಬಗೆಯವು. ಇದನ್ನು ತಿಳಿಯಲು ಶಾಲೆಯ ಪುಸ್ತಕಭಂಡಾರವನ್ನು ನೆನೆಯಬಹುದು. ಕಪಾಟುಗಳಲ್ಲಿ ಪುಸ್ತಕಗಳಿರುತ್ತವೆ, ಯಾವ ಪುಸ್ತಕ ಎಲ್ಲಿದೆಯೆಂಬುದು ದಾಖಲೆಯ ಪುಸ್ತಕದಲ್ಲಿರುತ್ತದೆ. ಡಿಸ್ಕಿನಲ್ಲಿಯೂ ಇಂಥದೊಂದು ದಾಖಲೆಯುಂಟು. ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತುಹೋದರೆ ದಾಖಲೆ ಅರ್ಧಕ್ಕೇ ಉಳಿಯಬಹುದು. ಆಗ ಕಡತಕ್ಕೂ ದಾಖಲೆಗೂ ತಾಳೆಯಾಗುವುದಿಲ್ಲ. ಇದು ಮೊದಲನೆಯ ದೋಷ. ಎರಡನೆಯದು ಕಪಾಟಿಗೇ ಗೆದ್ದಲು ಹಿಡಿದಂತೆ. ತಟ್ಟೆಯ ಮೈಯನ್ನು ಸೆಕ್ಟರುಗಳೆಂಬ ಸಣ್ಣ ಭಾಗಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದರಲ್ಲಿ ೫೧೨ ಬೈಟುಗಳು, ಹೊಸ ಡಿಸ್ಕುಗಳಲ್ಲಿ ೪,೦೯೬ ಬೈಟುಗಳು ಹಿಡಿಯುತ್ತವೆ. ಸವೆತದಿಂದಲೋ ಪೆಟ್ಟಿನಿಂದಲೋ ಕೆಲವು ಸೆಕ್ಟರುಗಳು ಕೆಟ್ಟು ಓದಲು ಬಾರದಂತಾಗುತ್ತವೆ.

ಈಗ ತಪಾಸಣೆಯ ಕ್ರಮ. ಎಲ್ಲಕ್ಕೂ ಮೊದಲು, ಕಳೆದುಕೊಳ್ಳಲಾಗದ ಕಡತಗಳನ್ನು ಬೇರೊಂದು ಡಿಸ್ಕಿಗೋ ಪೆನ್ ಡ್ರೈವಿಗೋ ನಕಲು ಮಾಡತಕ್ಕದ್ದು. ವಿಂಡೋಸ್ ಇರುವ ಯಂತ್ರದಲ್ಲಿ ಡಿಸ್ಕಿನ ಗುರುತಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, 'ಪ್ರಾಪರ್ಟೀಸ್' ತೆರೆದು, 'ಟೂಲ್ಸ್' ಎಂಬಲ್ಲಿ 'ಚೆಕ್' ಎಂಬುದನ್ನು ಒತ್ತಿದರೆ ದಾಖಲೆಯ ಪರೀಕ್ಷೆ ಆರಂಭವಾಗುತ್ತದೆ. ವಿಂಡೋಸ್ ನೆಲೆಸಿರುವ ಡಿಸ್ಕು ಸದಾ ಬಳಕೆಯಲ್ಲಿರುವುದರಿಂದ ಅದರ ದುರಸ್ತಿಗಾಗಿ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ನಡೆಸಬೇಕಾಗಬಹುದು. ಸೆಕ್ಟರುಗಳನ್ನು ಒಂದೊಂದಾಗಿ ಓದಿ ನೋಡುವ ಆಳವಾದ ಪರೀಕ್ಷೆಯೂ ಉಂಟು. ದೊಡ್ಡ ಡಿಸ್ಕಿಗೆ ಅದು ಹಲವು ಗಂಟೆಗಳ ಕೆಲಸ. ನಡುವೆ ಯಂತ್ರವನ್ನು ಆರಿಸದೆ ತಾಳ್ಮೆಯಿಂದ ಕಾಯಬೇಕು.

ಇಲ್ಲೊಂದು ಮಾತನ್ನು ನಾವು ಮರೆಯಬಾರದು. ತಪಾಸಣೆಯು ದಾಖಲೆಯನ್ನು ಸರಿಪಡಿಸುತ್ತದೆಯೇ ಹೊರತು ಅಳಿದ ಬರಹವನ್ನು ಮರಳಿ ಬರೆಯುವುದಿಲ್ಲ. ದಾಖಲೆ ತಪ್ಪಿದ ತುಣುಕುಗಳು ದೊರೆತರೆ ಅವುಗಳನ್ನು ಬೇರೆ ಹೆಸರಿನಲ್ಲಿ ಒಂದೆಡೆ ಕೂಡಿಡುತ್ತದೆ. ಅವುಗಳ ಮೂಲರೂಪ ಯಾವುದೆಂದು ಹೇಳಲಾರದು. ಕೆಟ್ಟ ಸೆಕ್ಟರನ್ನು ಮುಂದೆ ಬಳಸದಂತೆ ಗುರುತು ಹಾಕುತ್ತದೆ. ಅದರಲ್ಲಿದ್ದುದು ಓದಲು ಬಾರದಿದ್ದರೆ ಹೋದಂತೆಯೇ ಸರಿ. ಡಿಸ್ಕಿನಿಂದ ಟಕಟಕ ಸದ್ದು ಪದೇ ಪದೇ ಕೇಳಿಬಂದರೆ ಆಳವಾದ ಪರೀಕ್ಷೆಗೆ ಕೈಹಾಕಲೇಬಾರದು. ಸಾಯುತ್ತಿರುವ ಡಿಸ್ಕಿಗೆ ಆ ದುಡಿಮೆಯೇ ಮೃತ್ಯುವಾದೀತು. ಬೇರೆಡೆ ನಕಲಿಲ್ಲದಿದ್ದರೆ ಕೂಡಲೆ ಯಂತ್ರವನ್ನು ಆರಿಸಿ ಬಲ್ಲವರಿಗೆ ಒಪ್ಪಿಸುವುದು ಲೇಸು.

ಈಚಿನ ಅನೇಕ ಯಂತ್ರಗಳಲ್ಲಿ ತಿರುಗುವ ತಟ್ಟೆಗಳಿಗೆ ಬದಲಾಗಿ ಎಸ್.ಎಸ್.ಡಿ. ಎಂಬ ಚಲನೆಯಿಲ್ಲದ ಸಾಧನವಿರುತ್ತದೆ. ಅದರಲ್ಲಿ ಹೆಡ್ಡೂ ಇಲ್ಲ, ತಟ್ಟೆಯೂ ಇಲ್ಲ. ಆದರೂ ದಾಖಲೆಯ ದೋಷ ಅದಕ್ಕೂ ತಪ್ಪಿದ್ದಲ್ಲ. ಕೆಲವು ವೇಳೆ ಅದು ಯಾವ ಸದ್ದೂ ಸೂಚನೆಯೂ ಇಲ್ಲದೆ ಕೆಟ್ಟುಹೋಗುವುದುಂಟು.

ಯಂತ್ರವು ನಮ್ಮ ಬರಹದ ಬೆಲೆಯನ್ನರಿಯದು. ಅದಕ್ಕೆ ಪ್ರಬಂಧವೂ ಅಷ್ಟೆ, ಅಜ್ಜಿಯ ಕಡೆಯ ಭಾವಚಿತ್ರವೂ ಅಷ್ಟೆ. ಆ ಬೆಲೆಯನ್ನು ಬಲ್ಲವರು ನಾವು. ಆದ್ದರಿಂದ ಮೊದಲು ನಕಲು, ಅನಂತರ ತಪಾಸಣೆ ಎಂಬ ನಿಯಮವನ್ನು ವಿದ್ಯಾರ್ಥಿಗಳಾದ ನಾವೆಲ್ಲರೂ ಇಂದಿನಿಂದಲೇ ರೂಢಿಸಿಕೊಳ್ಳೋಣ.